ಕಪ್ಪಿನಡಿಯ ಉಂಗುರ

ಕನ್ನಡಕದ ಸಾಹೇಬರು ಕಾಫಿ ಕಪ್ಪು ಎತ್ತಿದ ಕೂಡಲೇ ಅದರಡಿ ಕಂದು ಉಂಗುರವೊಂದು ಕಂಡಿತು, ಗಾಜಿನ ಮೇಜಿನ ಮೇಲೆ, ಅವಳ ಅರ್ಜಿಗೆ ಎರಡೇ ಬೆರಳು ದೂರ, ಒಂದು ಬಟ್ಟೆ ಸಿಕ್ಕರೆ ಒಂದೇ ಏಟಿಗೆ ಒರೆಸಿಬಿಡಬಹುದು — ಬೇಡ, ಕೈ ಮಡಿಲಲ್ಲೇ ಇರಲಿ, ಬೆಳಿಗ್ಗೆ ತನ್ನ ಹೊಸ ಚಪ್ಪಲಿ ಕೊಟ್ಟು ನಾದಿನಿ ಹೇಳಿ ಕಳಿಸಿದ್ದೇ ಅದು, ಅತ್ತಿಗೆ, ಕೈ ಆಡಿಸ್ಬೇಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಹೋಟೆಲ್ ಅಂತ ಮಾತ್ರ ಬಾಯಿ ಬಿಡ್ಬೇಡಿ, ಆತಿಥ್ಯ ಕ್ಷೇತ್ರ ಅನ್ನಿ. ಹನ್ನೊಂದು ವರ್ಷ ತಟ್ಟೆ ಹೊತ್ತಿದ್ದಕ್ಕೆ ಎಷ್ಟು ದೊಡ್ಡ ಹೆಸರು! ಮೂವರು ಆಚೆ, ಇವಳೊಬ್ಬಳು ಈಚೆ, ಆದರೂ ಕುರ್ಚಿ ಮೆತ್ತಗಿದೆ, ಸ್ವಾಗತದ ಕೌಂಟರಿನ ಕುರ್ಚಿಯೂ ಹೀಗೇ ಇರಬಹುದು, ಬಂದವರಿಗೆ ಕೂತಲ್ಲಿಂದಲೇ ದಾರಿ ಹೇಳುವ ಕೆಲಸ, ಮಂಡಿ ಸವೆದಿದೆ ಕಣಮ್ಮ, ನಿಂತು ದುಡಿದಿದ್ದು ಸಾಕು ಅಂದರಲ್ಲ ಡಾಕ್ಟರು, ಈ ಕುರ್ಚಿ ಸಿಗಲೇಬೇಕು. ಇನ್ನೈದು ವರ್ಷದಲ್ಲಿ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ? ಕನ್ನಡಿಯಲ್ಲಿ, ಇನ್ನೆಲ್ಲಿ — ಹಾಗೆನ್ನಲಾದೀತೇ, ಇಲ್ಲೇ ಸರ್, ನಿಮ್ಮ ಸಂಸ್ಥೆಯಲ್ಲೇ, ಅಂದಳು ಗಿಳಿಪಾಠ ಒಪ್ಪಿಸಿದ ಹಾಗೆ. ಹೋಟೆಲಿನಲ್ಲಿ ಕೆಲಸ ಸಿಗಲು ಐದು ವರ್ಷದ ಮಾತಿರಲಿ, ಐದು ನಿಮಿಷವೂ ಹಿಡಿದಿರಲಿಲ್ಲ, ಅರ್ಜಿಯಿಲ್ಲ, ಕುರ್ಚಿಯಿಲ್ಲ, ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಯಜಮಾನಿ ಇವಳ ಮುಖವನ್ನೂ ಸರಿಯಾಗಿ ನೋಡದೆ ನಾಲ್ಕು ಲೋಟ ನೀರು ಕೈಗಿಟ್ಟು, ಮೂಲೆ ಮೇಜಿಗೆ ಕೊಟ್ಟು ಬಾ, ನೋಡೋಣ ಅಂದಳು, ದಾರಿಯಲ್ಲಿ ಒಂದು ಲೋಟ ಚೆಲ್ಲಿತು, ಮುಗೀತು ಕಥೆ ಅಂದುಕೊಂಡೇ ಮಂಡಿಯೂರಿ ನೆಲ ಒರೆಸುತ್ತಿದ್ದರೆ — ಆಗ ಮಂಡಿ ಮಾತು ಕೇಳುತ್ತಿತ್ತು — ಹೇಳೋಕೆ ಮುಂಚೇನೇ ಒರೆಸ್ತೀಯಲ್ಲ, ಸಾಕು ಬಿಡು, ನಾಳೆ ಹತ್ತಕ್ಕೆ ಬಾ. ಯಜಮಾನಿಯ ಬಾಯಿ ಬೆಂಕಿ, ನಿಜ, ರಜೆ ಕೇಳಿದರೆ ಮೈಮೇಲೆ ಬರುತ್ತಿದ್ದಳು, ಆದರೂ ಅವಳೆದುರು ಇಷ್ಟು ಬಣ್ಣ ಹಚ್ಚಿಕೊಂಡು ನಿಲ್ಲಬೇಕಿರಲಿಲ್ಲ.

ಸಾಹೇಬರು ಕಪ್ಪು ಕೆಳಗಿಟ್ಟರು, ನೇರ ಅರ್ಜಿಯ ಮೇಲೇ, ಅವಳ ಹೆಸರಿನ ಮೇಲೆ, ನೋಡಲೂ ಇಲ್ಲ, ಈ ಆತಿಥ್ಯ ಕ್ಷೇತ್ರದಲ್ಲಿ ಏನ್ಮಾಡ್ತಿದ್ರಿ? ಹೋಟೆಲು ಸರ್, ತಟ್ಟೆ ಎತ್ತುತ್ತಿದ್ದೆ, ಒಂದ್ಸಲಕ್ಕೆ ಆರು, ಬಂದವರ ಮುಖ ನೋಡಿದ್ರೆ ಸಾಕು, ಯಾರಿಗೆ ಅವಸರ ಯಾರಿಗೆ ಸಂಕಟ ಅಂತ ಗೊತ್ತಾಗ್ತಿತ್ತು, ಸ್ವಾಗತ ಅಂದ್ರೆ ಅದೇ ಅಲ್ವಾ — ಅಯ್ಯೋ ನಾದಿನಿ, ಬಾಯಿ ಬಿಟ್ಟೇಬಿಟ್ಟೆ, ಆದರೆ ಎದೆ ಎಷ್ಟು ಹಗುರ! ಸರಿ, ತಿಳಿಸ್ತೀವಿ. ಎದ್ದಳು, ಮಂಡಿ ಲಟಕ್ಕೆಂದಿತು, ಹಾಂ, ಹೋಗ್ತಾ ಈ ಕಪ್ಪುಗಳನ್ನ ಸ್ವಲ್ಪ ಹೊರಗಿಡ್ತೀರಾ? ಹಾಳು ಕೈ, ಆಗಲೇ ಮುಂದೆ ಹೋಗಿದೆ, ಮೂರು ಕಪ್ಪಿಗೆ ಒಂದೇ ಕೈ ಧಾರಾಳ ಸಾಕು — ಹೇಳದೆ ಒರೆಸಿದ್ದಕ್ಕೆ ಅಲ್ಲಿ ಕೆಲಸ ಸಿಕ್ಕಿತು, ಹೇಳಿಸಿಕೊಂಡು ಎತ್ತಿದರೆ ಇಲ್ಲಿ ಈ ಜನ್ಮಕ್ಕೆ ಕುರ್ಚಿಯಿಲ್ಲ — ಸಾಹೇಬರ ಕಪ್ಪೊಂದನ್ನೇ ಎತ್ತಿದಳು, ಅಡಿಯಲ್ಲಿದ್ದ ಅರ್ಜಿಯನ್ನು ಎಳೆದುಕೊಂಡಳು, ಕಪ್ಪನ್ನು ಅಲ್ಲೇ ಅವರೆದುರಿಗೇ ಇಟ್ಟಳು, ಆ ಕೆಲಸಕ್ಕೆ ನಾನು ಅರ್ಜಿ ಹಾಕಿಲ್ಲ ಸರ್. ಬಾಗಿಲು, ಮೆಟ್ಟಿಲು, ಹಾಳಾಗಿ ಹೋಗಲಿ ಆ ಕುರ್ಚಿ, ಇಲ್ಲ, ಬೇಕಿತ್ತು, ಒಂದೊಂದು ಮೆಟ್ಟಿಲಿಗೂ ಮಂಡಿ ಬೇಕಿತ್ತು ಬೇಕಿತ್ತು ಅನ್ನುತ್ತಿದೆ, ಅನ್ನಲಿ, ಕೈಯಲ್ಲಿನ ಹಾಳೆ ಬಿಡಿಸಿದರೆ ಅವಳ ಹೆಸರಿನ ಸುತ್ತ ಕಂದು ಉಂಗುರ, ಇನ್ನೂ ಹಸಿ, ಬೆರಳು ತಾನಾಗಿ ಒರೆಸಲು ಹೋಯಿತು, ನಿಂತಿತು, ಉಂಗುರ, ಹಸಿ ಉಂಗುರ, ನಡುವೆ ಅವಳ ಹೆಸರು —