ಕ್ಯಾಮೆರಾಕ್ಕೆ ಬಿಳಿ ತೋರಿಸುವ ಕೆಲಸ

ಆಪರೇಷನ್ ಥಿಯೇಟರಿನಲ್ಲಿ ನನ್ನ ಕೆಲಸ ಕ್ಯಾಮೆರಾ ಹಿಡಿಯುವುದು. ಹೊಟ್ಟೆಯನ್ನು ಉದ್ದಕ್ಕೂ ಕೊಯ್ಯದೆ, ಬೆರಳು ತೂರುವಷ್ಟು ತೂತು ಮಾಡಿ ಒಳಗೆ ಕಡ್ಡಿಯಂಥ ಕ್ಯಾಮೆರಾ ಇಳಿಸುತ್ತಾರಲ್ಲ, ಅದು. ಡಾಕ್ಟರ ಎರಡು ಕೈಯೂ ಉಪಕರಣಗಳ ಮೇಲಿರುತ್ತವೆ, ಅವರ ಕಣ್ಣು ನನ್ನ ಕೈಯಲ್ಲಿರುತ್ತದೆ. ಹನ್ನೊಂದು ವರ್ಷದಿಂದ ಇದೇ ಕೆಲಸವಾದ್ದರಿಂದ ಜಂಬ ಇದ್ದೇ ಇದೆ. ಅಲ್ಲಿ ಎಲ್ಲರೂ ನನ್ನನ್ನು ಕ್ಯಾಮೆರಾ ಅಕ್ಕ ಎನ್ನುತ್ತಾರೆ.

ಒಳಗಿಳಿಸುವ ಮೊದಲು ಕ್ಯಾಮೆರಾಕ್ಕೆ ಬಿಳಿ ತೋರಿಸಬೇಕು. ಶುಭ್ರವಾದ ಬ್ಯಾಂಡೇಜ್ ಬಟ್ಟೆಯ ತುಂಡೊಂದನ್ನು ಎದುರಿಗೆ ಹಿಡಿದು ಗುಂಡಿ ಒತ್ತಿದರೆ, ಇದೇ ಬಿಳಿ ಎಂದು ಅದು ಒಪ್ಪಿಕೊಳ್ಳುತ್ತದೆ. ಮಿಕ್ಕ ಬಣ್ಣಗಳನ್ನೆಲ್ಲ ಆಮೇಲೆ ಅದೇ ಲೆಕ್ಕದಲ್ಲಿ ತೋರಿಸುತ್ತದೆ. ಸ್ವಂತ ಬುದ್ಧಿ ಅಂತ ಅದಕ್ಕೇನೂ ಇಲ್ಲ. ಏನು ತೋರಿಸಿದರೂ ತಲೆಯಾಡಿಸುತ್ತದೆ, ಪೇಪರ್ ಓದುತ್ತ ಕೂತ ನನ್ನ ಗಂಡನ ಹಾಗೆ. ಆ ದಿನ ಬೆಳಿಗ್ಗೆ ಕೂಡ ಹೊಸದಾಗಿ ಸೇರಿದ ನರ್ಸಿಗೆ ಇದನ್ನೇ ಅರ್ಧ ಗಂಟೆ ಪಾಠ ಮಾಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ತುರ್ತು ಕೇಸು ಬಂತು. ಶಾಲೆಯ ವ್ಯಾನ್ ಓಡಿಸುವವನು, ಮೂವತ್ತರ ಆಸುಪಾಸು. ಚಕ್ರ ಎತ್ತುವಾಗ ತೊಡೆಸಂದಿನಲ್ಲಿ ಕರುಳು ಹೊರಗೆ ನುಗ್ಗಿ ಸಿಕ್ಕಿಹಾಕಿಕೊಂಡಿತ್ತು. ಅವನ ಜೊತೆ ಬಂದಿದ್ದವಳು ಅಕ್ಕ ಒಬ್ಬಳೇ. ಮಾಸ್ಕು, ಟೋಪಿ ಹಾಕಿಕೊಂಡು ಓಡುತ್ತಿದ್ದ ನನ್ನನ್ನು ಬಾಗಿಲಲ್ಲಿ ತಡೆದು, ಕರುಳು ಕತ್ತರಿಸುತ್ತಾರಾ ಎಂದು ಕೇಳಿದಳು. ಅವರ ಅಪ್ಪನಿಗೂ ಹೀಗೇ ಆಗಿತ್ತಂತೆ. ಕರುಳು ಕತ್ತರಿಸಿ ಜೋಡಿಸಿದ್ದರಂತೆ, ಜೋಡಿಸಿದ ಕಡೆ ಸೋರಿ ಮೂರನೇ ದಿನಕ್ಕೆ ಹೋಗಿಬಿಟ್ಟರಂತೆ. ಕರುಳು ಚೆನ್ನಾಗಿದ್ದರೆ ಯಾರೂ ಕತ್ತರಿಸುವುದಿಲ್ಲ, ಸತ್ತಿದ್ದರೆ ಮಾತ್ರ ಎಂದು ಹೇಳಿ ಒಳಗೆ ಹೋದೆ.

ನಮ್ಮ ಡಾಕ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಬೆನ್ನ ಹಿಂದೆ ನಾವು ದೂರ್ವಾಸರು ಎನ್ನುತ್ತೇವೆ. ಅವರು ಅವಸರ ಮಾಡಿದರು, ನಾನೂ ಅವಸರ ಮಾಡಿದೆ. ಟ್ರೇಯಲ್ಲಿ ಕೈಗೆ ಸಿಕ್ಕ ಬಟ್ಟೆ ಹಿಡಿದು, ಪರದೆಯನ್ನು ಸರಿಯಾಗಿ ನೋಡದೆ ಗುಂಡಿ ಒತ್ತಿ, ಕ್ಯಾಮೆರಾ ಒಳಗಿಳಿಸಿದೆ.

ಸಿಕ್ಕಿಕೊಂಡಿದ್ದ ಕರುಳನ್ನು ಡಾಕ್ಟರು ನಿಧಾನವಾಗಿ ಬಿಡಿಸಿದರು. ಪರದೆಯ ಮೇಲೆ ಅದು ನೀಲಿಗಟ್ಟಿತ್ತು. ಉಸಿರುಗಟ್ಟಿದ ಕರುಳು ಹಾಗೆಯೇ ಇರುತ್ತದೆ, ರಕ್ತ ಹರಿದರೆ ಬಣ್ಣ ತಿರುಗುತ್ತದೆ. ಹತ್ತು ನಿಮಿಷ ಕಾದೆವು. ತಿರುಗಲಿಲ್ಲ. ಇನ್ನೂ ಐದು ನಿಮಿಷ ಕಾದ ಮೇಲೆ ಡಾಕ್ಟರು ಒಂದು ಗೇಣು ತೆಗೆಯಬೇಕು ಎಂದು ಕತ್ತರಿಸುವ ಉಪಕರಣ ಕೇಳಿದರು. ಹೊರಗೆ ಕಾದಿದ್ದ ಅಕ್ಕನ ಮುಖ ನನಗೆ ನೆನಪಾಯಿತು.

ಅಷ್ಟರಲ್ಲಿ ರಕ್ತ ಒರೆಸಲೆಂದು ಸಿಸ್ಟರ್ ಹೊಸ ಬಟ್ಟೆಯ ತುಣುಕೊಂದನ್ನು ಒಳಗೆ ಕಳಿಸಿದರು. ಈಗಷ್ಟೇ ಪೊಟ್ಟಣ ಒಡೆದು ತೆಗೆದದ್ದು. ಪರದೆಯ ಮೇಲೆ ಅದೂ ತಿಳಿನೀಲಿಯಾಗಿತ್ತು.

ಟ್ರೇ ಕಡೆ ನೋಡಿದೆ. ನಾನು ಬಿಳಿ ಎಂದು ತೋರಿಸಿದ್ದ ಬಟ್ಟೆ, ಹೊಟ್ಟೆಗೆ ಬಳಿಯುವ ಕಂದು ಔಷಧಿ ಹೀರಿಕೊಂಡು ಹಳದಿಗಟ್ಟಿ ಬಿದ್ದಿತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ಹಳದಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾಕ್ಕೆ ಲೋಕವೆಲ್ಲ ನೀಲಿಯಾಗಿತ್ತು.

ಮೊದಲು ಬಾಯಿಗೆ ಬಂದದ್ದು ಸುಳ್ಳು, ಅದನ್ನೇನು ಮುಚ್ಚಿಡಲಿ. ಲೆನ್ಸ್ ಮಬ್ಬಾಗಿದೆ, ಹೊರಗೆ ತೆಗೆದು ಒರೆಸಿಕೊಳ್ಳುತ್ತೇನೆ ಎಂದೆ. ದಿನಾ ಹತ್ತು ಸಲ ಹೇಳುವ ಮಾತದು. ಅದೇ ನೆಪದಲ್ಲಿ ಹೊಸ ಬಟ್ಟೆ ತೋರಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಬೇಡ ಎಂದರು, ಕಾಣುವಷ್ಟು ಕಾಣುತ್ತಿದೆ ಎಂದರು. ಉಪಕರಣ ಆಗಲೇ ಕರುಳಿನ ಪಕ್ಕಕ್ಕೆ ಬಂದು ಬಾಯಿ ತೆರೆದಿತ್ತು.

"ಸರ್, ಕತ್ತರಿಸ್ಬೇಡಿ," ಎಂದೆ. "ಬಿಳಿ ತೋರಿಸೋದ್ರಲ್ಲಿ ನಾನು ತಪ್ಪು ಮಾಡಿದೀನಿ. ಔಷಧಿ ಹತ್ತಿದ ಬಟ್ಟೆ ಹಿಡಿದುಬಿಟ್ಟೆ. ಅಲ್ಲಿ ಕಾಣ್ತಿರೋ ಬಣ್ಣ ನಿಜ ಅಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಮಾಸ್ಕಿನ ಮೇಲೆ ಬರೀ ಕಣ್ಣು. ಹನ್ನೊಂದು ವರ್ಷದಲ್ಲಿ ಅವರ ಬೈಗುಳ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ, ಅವತ್ತು ಒಂದೂ ಬರಲಿಲ್ಲ. ಅವರು ಉಪಕರಣವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ತೆಗಿ. ಸರಿಯಾಗಿ ತೋರ್ಸು," ಎಂದರು.

ಸಿಸ್ಟರ್ ಹೊಸ ಪೊಟ್ಟಣ ಒಡೆದರು. ಆ ಬಟ್ಟೆಯನ್ನು ನಾನು ನೋಡಿದೆ, ಸಿಸ್ಟರ್ ನೋಡಿದರು, ಡಾಕ್ಟರೂ ಬಗ್ಗಿ ನೋಡಿದರು. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ. ಗುಂಡಿ ಒತ್ತಿ ಮತ್ತೆ ಒಳಗಿಳಿಸಿದೆ. ಬಣ್ಣ ಸರಿಯಾದ ಮೇಲೂ ಕರುಳು ನೀಲಿಯಾಗಿಯೇ ಇದ್ದರೆ ಅಪ್ಪನ ಗತಿಯೇ ಮಗನಿಗೂ ಬರಬಹುದಿತ್ತು.

ಗುಲಾಬಿ ಬಣ್ಣ. ಸಿಕ್ಕಿಕೊಂಡಿದ್ದ ಕಡೆ ಕೆಂಪಗೆ ಒಂದು ಬರೆ ಬಿದ್ದಿತ್ತು, ಮಿಕ್ಕಿದ್ದೆಲ್ಲ ಚೊಕ್ಕಟ ಗುಲಾಬಿ. ನಾವು ನೋಡುತ್ತಿದ್ದಂತೆ ಕರುಳು ಸೋಮಾರಿಯ ಹಾಗೆ ಒಮ್ಮೆ ಮೈಮುರಿದು ಮುಂದಕ್ಕೆ ಸರಿಯಿತು. ಹೋದ ಜೀವ ಬಂದಂತಾಯಿತು ಎನ್ನುವ ಮಾತು ಏನೆಂದು ಆಗ ನನಗೆ ಅರ್ಥವಾಯಿತು. ಡಾಕ್ಟರು ಕರುಳನ್ನು ಅದರ ಜಾಗಕ್ಕೆ ಸೇರಿಸಿ, ಅದು ನುಗ್ಗಿದ್ದ ತೂತಿಗೆ ಜಾಲರಿ ಹಚ್ಚಿ ಕೆಲಸ ಮುಗಿಸಿದರು.

ಕೈಗವಸು ಬಿಚ್ಚುವಾಗ, ನಡೆದದ್ದನ್ನೆಲ್ಲ ನಾಳೆ ಬರೆದು ಕೊಡಬೇಕು ಎಂದರು. ನಾನೂ ಬರೆಯುತ್ತೇನೆ, ಬಿಳಿ ಸರಿಯಾಗಿದೆಯಾ ಎಂದು ನಾನೂ ಕೇಳಬೇಕಿತ್ತು ಎಂದರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಮನಸ್ಸು ಹಗುರವಾಗಿತ್ತು.

ಬಟ್ಟೆ ಬದಲಾಯಿಸಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದಾಗ ಡಾಕ್ಟರು ಅಕ್ಕನಿಗೆ ಹೇಳುತ್ತಿದ್ದರು. ಕ್ಯಾಮೆರಾದ ಬಣ್ಣ ಹೊಂದಿಸಿದ್ದು ತಪ್ಪಾಗಿತ್ತು, ಕತ್ತರಿಸುವ ಹಂತದವರೆಗೆ ಹೋಗಿದ್ದೆವು, ಸಮಯಕ್ಕೆ ಗೊತ್ತಾಗಿ ಸರಿಮಾಡಿಕೊಂಡೆವು, ಕರುಳು ಒಂದಿಷ್ಟೂ ಕತ್ತರಿಸಿಲ್ಲ ಎಂದು. ಅಕ್ಕನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಡಾಕ್ಟರು ಹೋದ ಮೇಲೆ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ನಾನೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ, ಕೂತದ್ದೇ ತಡ ನನಗೂ ಅಳು ಕಿತ್ತುಕೊಂಡು ಬಂತು.

ಮಾಸ್ಕಿಲ್ಲದ ನನ್ನ ಗುರುತು ಅವಳಿಗೆ ಸಿಗಲಿಲ್ಲ. ತನ್ನ ಕಣ್ಣು ಒರೆಸಿಕೊಂಡು, ಹತ್ತಿರ ಸರಿದು, ಬೆನ್ನ ಮೇಲೆ ಕೈಯಿಟ್ಟಳು.

"ನಿಮ್ಮೋರೂ ಒಳಗಿದ್ರಾ?"

"ಹೌದಕ್ಕ," ಎಂದೆ. "ಇದ್ರು. ಉಳಕೊಂಡ್ರು."