ಇನ್ನೂರ ಹನ್ನೆರಡನೇ ಸಾಲು

೧. ಹೇಗೆ ಶುರುಮಾಡುವುದು? ಸ್ಫಾಕ್ಸ್ ನಗರ, ಸುಡುವ ಆಗಸ್ಟ್, ಡಯಾಲಿಸಿಸ್ ಕೇಂದ್ರದ ನೀರಿನ ಪಂಪು ನಿಂತಿತು ಎಂದು ಬರೆದೆ. ದರ್ಸಾಫ್ ಓದಿ ಮೂಗು ಮುರಿದಳು. (ಕಥಾನಾಯಕಿ. ಆ ಪಂಪು ನಡೆಸುವ ಪ್ರೋಗ್ರಾಮು ಇವಳ ಸುಪರ್ದಿಯಲ್ಲಿದೆ. ಇವಳು ನನ್ನ ಸುಪರ್ದಿಯಲ್ಲಿಲ್ಲ.)

“ಪಂಪ್ ನಿಂತಿದ್ದಲ್ಲ ಕಥೆ. ಯಾಕೆ ನಿಂತೆ ಅಂತ ಅದು ಬಾಯಿ ಬಿಡ್ತಿರ್ಲಿಲ್ವಲ್ಲ, ಅದು.”

೧, ಮತ್ತೆ. ಸರಿ. ಪಂಪು ನಿಂತಾಗಲೆಲ್ಲ ಪರದೆಯ ಮೇಲೆ ‘ತಪ್ಪಾಗಿದೆ’ ಎಂಬ ಒಂದೇ ಮಾತು. ರೋಗಿಗಳು ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ದರ್ಸಾಫ್ ಹಟ ಹಿಡಿದಳು: ಯಾವ ಫೈಲಿನ ಯಾವ ಸಾಲಿನಲ್ಲಿ ಎಡವಿದೆನೆಂದು ಓಡುತ್ತಿರುವ ಪ್ರೋಗ್ರಾಮೇ ಹೇಳಬೇಕು. ಹೇಳಿಸಿದಳು ಕೂಡ. ಮುಂದಿನ ಸಲ ಬಂತು: ಸಾಲು ೨೧೨. ಅದರ ಮುಂದಿನ ಸಲವೂ ಅದೇ.

ಆ ಸಾಲು ಬರೆದವನು ಹಿರಿಯ ಸಹೋದ್ಯೋಗಿ ಖಮೈಸ್. ಯಜಮಾನ ಲಸ್ಸಾದ್ ಅವನನ್ನು ಅವತ್ತೇ ಮನೆಗೆ ಕಳಿಸಿದ.

೨. ಇಲ್ಲಿ ಖಮೈಸ್ ಅಳುವ ದೃಶ್ಯವಿತ್ತು. ಅವನು ಒಪ್ಪಲಿಲ್ಲ. ಹರಿದೆ. ಅದಕ್ಕಂಟಿದ್ದ ೩ ಕೂಡ ಹರಿದುಹೋಯಿತು.

೪. ದರ್ಸಾಫ್ ೨೧೨ನ್ನು ಬಿಡಿಸಿ ನೋಡಿದಳು. ಅದರ ಕೆಲಸ ‘ತಪ್ಪಾಗಿದೆ’ ಎಂದು ಸಾರುವುದಷ್ಟೇ. ಯಾವ ಸಾಲು ಎಲ್ಲಿ ಎಡವಿದರೂ ಬಂದು ಗೋಳಿಡುವುದು ಇಲ್ಲೇ.

“ಮಿನಾರದಿಂದ ಸಾವಿನ ಸುದ್ದಿ ಕೂಗಿದವನನ್ನೇ ಕೊಲೆಗಾರ ಅಂದ್ರಲ್ಲ, ಲಸ್ಸಾದ್ ಸಾಹೇಬ್ರೇ.”

“ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತದೇನಮ್ಮಾ?”

“ಇಲ್ಲ. ‘ನೀನೆಲ್ಲಿದೀಯ’ ಅಂತ ನಾನೇ ತಪ್ಪು ಜಾಗದಲ್ಲಿ ನಿಂತು ಕೇಳಿದೆ.”

ಪ್ರಶ್ನೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಳು: ೨೧೨ನ್ನು ಕರೆಯುವ ಪ್ರತಿ ಸಾಲೂ ಇನ್ನು ತನ್ನ ವಿಳಾಸವನ್ನು ಕೈಯಲ್ಲಿ ಹಿಡಿದೇ ಬರಬೇಕು. ಪಂಪು ಮತ್ತೊಮ್ಮೆ ನಿಂತಿತು. ಬೇರೆಯೇ ವಿಳಾಸ ಬಂತು. ತಿದ್ದಿದಳು. ಆಮೇಲೆ ಪಂಪು ನಿಂತಿಲ್ಲ.

೫. ಎಡವಿದ ಸಾಲು ಯಾರದ್ದು? ಲಸ್ಸಾದನದ್ದೇ ಎಂದರೆ ಚಪ್ಪಾಳೆ ಗ್ಯಾರಂಟಿ. ದರ್ಸಾಫಳದ್ದೇ ಎಂದರೆ ಕಣ್ಣೀರು. ಎರಡನ್ನೂ ಬರೆದಿಟ್ಟಿದ್ದೆ, ಎರಡನ್ನೂ ಅವಳು ಹೊಡೆದುಹಾಕಿದಳು.

“ಎಲ್ಲಿ ಅಂತ ಹುಡುಕಿದ್ದು ಪಂಪ್ ಓಡ್ಲಿ ಅಂತ. ಯಾರು ಅಂತ ನಿಮ್ಮ ಓದುಗರಿಗೂ ಹೇಳಲ್ಲ.”

(ಓದುಗರೇ, ನನಗೂ ಹೇಳಿಲ್ಲ.)

೬. ಕೊನೆಯನ್ನಾದರೂ ನನಗೆ ಬಿಡು ಎಂದೆ. ಬಿಡದೆ, ಲಸ್ಸಾದನನ್ನು ಖಮೈಸ್ ಮನೆಗೇ ಕರೆತಂದಳು. ಫೋನಿನಲ್ಲಿ ಕ್ಷಮೆ ಕೇಳಿದರಾಗದೇ ಎಂದು ದಾರಿಯುದ್ದಕ್ಕೂ ಆತ ಗೊಣಗಿದ. ಈಗ ನೀಲಿ ಬಾಗಿಲ ಮುಂದೆ ಇಬ್ಬರೂ ನಿಂತಿದ್ದಾರೆ. ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು. ಖಮೈಸ್ ಒಳಕ್ಕೆ ಕರೆಯುತ್ತಾನೋ, ಮುಖಕ್ಕೆ ಬಾಗಿಲು ಹಾಕುತ್ತಾನೋ? ಎರಡೂ ಅವನ ಹಕ್ಕು, ನಾನು ಬರೆಯುವುದಿಲ್ಲ.

“ತಟ್ಟಿ,” ಎಂದಳು ದರ್ಸಾಫ್.