ಬೀರುವಿಗೆ ಕಟ್ಟಿದ ದಾರ

ಈ ಕಂಡಕ್ಟರ್ ಅರಸೀಕೆರೆ ಅರಸೀಕೆರೆ ಎಂದು ಯಾರನ್ನು ಕರೆಯುತ್ತಿದ್ದಾನೋ, ಬಸ್ಸಿನಲ್ಲಿರುವುದು ನಾನೊಬ್ಬಳು, ಹಿಂದಿನ ಸೀಟಿನಲ್ಲಿ ಯಾರದೋ ಎರಡು ಚೀಲ ತೆಂಗಿನಕಾಯಿ, ಹಳೇಬೀಡು ಬಿಡಬೇಕಾದ ಹೊತ್ತು ಮೀರಿ ಅರ್ಧ ಗಂಟೆಯಾಯಿತು, ಸೀಟಿನ ಸ್ಪಂಜು ಕಿತ್ತು ಕಂಬಿ ತೊಡೆಗೆ ಒತ್ತುತ್ತಿದೆ, ಹೊರಡಪ್ಪಾ ಪುಣ್ಯಾತ್ಮ — ಐವತ್ತೇಳು ನನಗೆ, ಈ ವಯಸ್ಸಿಗೆ ಈ ಓಡಾಟ ಬೇಕಿತ್ತೇ, ಇಪ್ಪತ್ತೊಂಬತ್ತು ವರ್ಷ ಅರಸೀಕೆರೆಯ ಶಾಲೆಯಲ್ಲಿ ಲೈಬ್ರರಿ ನೋಡಿಕೊಂಡೆ ಎಂಬ ಒಂದೇ ತಪ್ಪಿಗೆ ನಮ್ಮ ಸಂಸ್ಥೆಯವರು ಕರೆದು, ವೆಂಕಟಲಕ್ಷ್ಮಮ್ಮನವರೇ, ನಮ್ಮ ನಾಲ್ಕೂ ಶಾಲೆಗೆ ಹೊಸದಾಗಿ ಬಂದ ಲೈಬ್ರೇರಿಯನ್ನುಗಳಿಗೆ ನೀವು ಬೆಂಬಲವಾಗಿರಬೇಕು ಅಂದರು, ಬೆಂಬಲವಂತೆ, ಇಬ್ಬರ ಜಗಳದ ಮಧ್ಯೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದಕ್ಕೆ ಈಗ ಆ ಹೆಸರು. ಬೆಳಿಗ್ಗೆ ಏಳಕ್ಕೇ ಬಿಂದುಶ್ರೀ ಫೋನು, ಅರೇಹಳ್ಳಿ ಕಡೆಯ ಹುಡುಗಿ, ಈ ಹಳೇಬೀಡಿನ ಶಾಲೆಯ ಲೈಬ್ರರಿಗೆ ಸೇರಿ ಮೂರು ತಿಂಗಳು, ಮೇಡಂ ಇವತ್ತು ರಾಜೀನಾಮೆ ಕೊಟ್ಬಿಡ್ತೀನಿ, ಸ್ಟಾಫ್ ರೂಮಲ್ಲಿ ನಂಗೆ ಟೀನೂ ಕೊಡಲ್ಲ, ಯಾರೂ ಮಾತೇ ಆಡಲ್ಲ. ಏನು ಮಾಡಿದೆಯೇ ತಾಯಿ ಅಂದರೆ, ದಾರ ಕತ್ತರಿಸಿದೆ ಮೇಡಂ.

ದಾರ! ಆ ಶಾಲೆಯ ಹಳಬರು ಮರುಳಪ್ಪ ಮೇಷ್ಟ್ರು ಪ್ರತಿ ವರ್ಷ ಆಯುಧಪೂಜೆಗೆ ಪುಸ್ತಕದ ಬೀರುವಿಗೆ ಕುಂಕುಮ ಇಟ್ಟು ಎರಡು ಹಿಡಿಗೂ ಸೇರಿಸಿ ಅರಿಶಿನದ ದಾರ ಬಿಗಿಯುತ್ತಾರೆ, ಅದನ್ನು ಅವರೇ ಒಳ್ಳೆಯ ದಿನ ನೋಡಿ ಬಿಚ್ಚಬೇಕು, ಮಿಕ್ಕವರ ಮನೆಯಲ್ಲಿ ಪೂಜೆಗಿಟ್ಟ ಪುಸ್ತಕ ವಿಜಯದಶಮಿಗೇ ಎದ್ದರೂ ಇವರಿಗೆ ದೀಪಾವಳಿ ಕಳೆದು ವಾರವಾದರೂ ಒಳ್ಳೆಯ ದಿನ ಬಂದಿಲ್ಲ. ಆರನೇ ಕ್ಲಾಸಿನ ಗಾನವಿ ಬಂದು ಮಿಸ್ ಆ ಪುಸ್ತಕ ಅಂದಿದ್ದಾಳೆ, ಇವಳು ಕತ್ತರಿ ತಂದಿದ್ದಾಳೆ, ಅಯ್ಯೋ, ಪೂಜೆಯ ದಾರಕ್ಕೆ ಕತ್ತರಿ ಹಾಕುತ್ತಾರೇನೇ, ಕೂತು ಬಿಚ್ಚಬಾರದಿತ್ತೇ, ಗಂಟು ಕಗ್ಗಂಟಾಗಿತ್ತು ಮೇಡಂ, ಅಷ್ಟರಲ್ಲಿ ಬೆಲ್ ಆಗೋದು. ಇವಳಿಗೆ ಆತುರ, ಅವರಿಗೆ ಹಟ, ಮಧ್ಯೆ ನಾನು. ಶಾಲೆಗೆ ಬಂದು ಕೂತರೆ ಮೇಷ್ಟ್ರು ಶುರುಮಾಡಿದರು, ನೀವೇ ಹೇಳಿ ಲಕ್ಷ್ಮಮ್ಮನೋರೆ, ಹತ್ತೊಂಬತ್ತು ವರ್ಷ ಲೈಬ್ರರಿ ನನ್ ಕೈಲಿ ಐತೆ, ಒಂದು ಪುಸ್ತಕ ಕಳೆದಿಲ್ಲ, ನಿನ್ನೆ ಮೊನ್ನೆ ಬಂದೋರು ನಮಗೆ ಹೇಳಿಕೊಡ್ತಾರಾ — ಕಳೆಯುವುದು ಎಲ್ಲಿಂದ ಮೇಷ್ಟ್ರೇ, ಹೊರಗೆ ಬಂದರೆ ತಾನೇ, ಅನ್ನಬೇಕಿತ್ತು, ಟೀ ಕುಡಿದೆ. ಹಾಗಂತ ಕೆಟ್ಟ ಮನುಷ್ಯರೂ ಅಲ್ಲ, ಅದೇ ತಲೆನೋವು, ಹೆಂಚು ಸೋರಿದ ವರ್ಷ ತಮ್ಮ ಪಂಚೆಯನ್ನೇ ಬೀರುವಿಗೆ ಹೊದಿಸಿ ಬರಿಯ ಟವೆಲ್ ಉಟ್ಟು ಮನೆಗೆ ನಡೆದವರು, ಪ್ರತಿ ಪುಸ್ತಕಕ್ಕೂ ಕೈಯಾರೆ ರಟ್ಟು ಹಾಕಿದವರು, ಯಾರ ಮೇಲೆ ಸಿಟ್ಟು ಮಾಡಲಿ ನಾನು. ಬಸ್ಸಿಗೆ ಒಬ್ಬಳು ಹತ್ತಿದಳು, ಮಾಲೇಕಲ್ಲಿಗೆ ಹೋಗುತ್ತಾಳಂತೆ, ಬಸ್ ಯಾವಾಗ ಬಿಡ್ತಾರಕ್ಕಾ ಅಂತ ನನ್ನನ್ನು ಕೇಳುತ್ತಾಳೆ, ನಾನೇನು ಡ್ರೈವರಾ.

ಬಿಂದುಶ್ರೀಗೆ ಫೋನಿನಲ್ಲೇ ಹೇಳಿಬಿಟ್ಟಿದ್ದೆ, ಒಂದು ಸಾರಿ ತಪ್ಪಾಯ್ತು ಅಂದುಬಿಡಮ್ಮ, ಅನುಸರಿಸಿಕೊಂಡು ಹೋಗು, ಕೆಲಸ ಉಳಿಯಲಿ. ಇಷ್ಟು ವರ್ಷದಲ್ಲಿ ಮೂವತ್ತು ಹುಡುಗಿಯರಿಗೆ ಹೇಳಿರುವ ಮಾತು, ನನಗೂ ಯಾರೋ ಹೇಳಿದ್ದ ಮಾತು. ಹೆಡ್ ಮೇಷ್ಟ್ರು ಉದಯಕುಮಾರ್ ಎಲ್ಲರನ್ನೂ ಬೀರುವಿನ ಮುಂದೆ ನಿಲ್ಲಿಸಿ, ಹಿರಿಯರು ಮೇಡಂ ಬಂದವರೆ, ಅವರ ಎದುರಿಗೇ ಆಗಿಬಿಡಲಿ ಅಂದರು, ಅವಳು ತಪ್ಪಾಯ್ತು ಸಾರ್ ಅಂದಳು, ಮೇಷ್ಟ್ರನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಗಾನವಿಯನ್ನು ಕರೆಸಿ ಪುಸ್ತಕ ವಾಪಸ್ ಇಡಿಸಿದರು, ಅರ್ಧದಲ್ಲಿ ಹಾಳೆಯ ತುದಿ ಮಡಿಸಿಟ್ಟುಕೊಂಡಿದ್ದಳು ಆ ಮಗು, ಮೇಷ್ಟ್ರು ಆ ಮಡಿಕೆಯನ್ನು ಉಗುರಿನಿಂದ ತೀಡಿ ತೀಡಿ ಸರಿಮಾಡಿದರು, ಎಲ್ಲಿವರೆಗೆ ಓದಿದ್ದಳೋ ಇನ್ನು ಅವಳಿಗೂ ಗೊತ್ತಾಗುವುದಿಲ್ಲ. ಹೊಸ ದಾರ ಸುತ್ತಿದರು, ಮೊದಲ ಗಂಟು ಜಾರಿತು, ಮತ್ತೆ ಹಾಕಿದರು, ಮತ್ತೆ ಜಾರಿತು, ಆಗ ನಾನು — ಬೇಡ, ಅದು ಬೇಡ, ವರದಿ ಬರೆಯಬೇಕು, ಸಮಸ್ಯೆ ಬಗೆಹರಿದಿದೆ ಎಂದು ಬರೆದರೆ ಮುಗಿಯಿತು, ಸುಳ್ಳೇನಲ್ಲ, ಗೇಟಿನವರೆಗೂ ಬಂದು ಅವಳೇ ಹೇಳಿದಳಲ್ಲ, ರಾಜೀನಾಮೆ ಕೊಡಲ್ಲ ಮೇಡಂ, ಇನ್ಮೇಲೆ ಅವರನ್ನ ಕೇಳದೆ ಏನೂ ಮುಟ್ಟಲ್ಲ, ಮೂರು ತಿಂಗಳ ಹಿಂದೆ ಒಂದೇ ಉಸಿರಿನಲ್ಲಿ ನೂರು ಮಾತಾಡುತ್ತಿದ್ದ ಹುಡುಗಿ, ಅಷ್ಟು ಮೆತ್ತಗೆ ಹೇಳಿದಳು, ನಾಚಿಕೆಯಾಗುತ್ತದೆ ನನಗೆ, ಉಳಿಸಿಕೊಂಡೆನಂತೆ ಅವಳನ್ನು. ಬಸ್ಸು ಹೊರಟಿತು ಕೊನೆಗೂ, ಟಿಕೆಟ್ ಟಿಕೆಟ್, ಕೊಡುತ್ತೇನಪ್ಪ, ಎರಡು ಸಾರಿ ಜಾರಿತು ಗಂಟು, ಅವರು ಕರೆಯಲಿಲ್ಲ, ಉದಯಕುಮಾರ್ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಆ ಮಗು ನೋಡುತ್ತ ನಿಂತಿತ್ತು, ಬಿಂದುಶ್ರೀ ನೋಡುತ್ತ ನಿಂತಿದ್ದಳು, ನಾನೇ ಮುಂದೆ ಬಂದು, ಮೂರನೇ ಸಾರಿ ಜಾರದಿರಲಿ ಎಂದು, ಗಂಟಿನ ಮೇಲೆ ಬೆರಳು ಒತ್ತಿ ಹಿಡಿದೆ, ಮೇಷ್ಟ್ರು ಬಿಗಿದರು, ಗಂಟಿನ ಮೇಲೆ ನನ್ನ ಬೆರಳು, ಯಾರೂ ಕೇಳಲಿಲ್ಲ, ಗಂಟಿನ ಮೇಲೆ ನನ್ನ ಬೆರಳು